ಯಾವ ಊರಿನ ಚೀನೀ ಭಾಷೆ?

ಥಾಣೆ ಸ್ಟೇಷನ್ನಿನ ಪಶ್ಚಿಮಕ್ಕೆ, ಹಣ್ಣಿನ ಗಾಡಿಗಳ ಹಿಂದಿರುವ ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿ ಕೂತು ನಾನು ಬಹಳ ವರ್ಷ ಒಂದೇ ಪ್ರಶ್ನೆಗೆ ಉತ್ತರ ಹೇಳಿದ್ದೇನೆ. “ಮೇಡಂ, ಚೈನೀಸ್ ಕಲಿಯೋದಕ್ಕೆ ಬೆಸ್ಟ್ ಯೂನಿವರ್ಸಿಟಿ ಯಾವುದು?”

ವಿದೇಶಕ್ಕೆ ಓದಲು ಹೋಗುವವರಿಗೆ ಸಲಹೆ ಕೊಡುವ ಸಣ್ಣ ಕಚೇರಿ ಅದು. ಕೆನಡಾ, ಜರ್ಮನಿಗೆ ಹೋಗುವವರನ್ನು ಬೇರೆಯವರು ನೋಡಿಕೊಳ್ಳುತ್ತಿದ್ದರು. ಚೀನೀ ಕಲಿಯಲು ಹೊರಟವರು ಕಿಟಕಿಯ ಪಕ್ಕದ ನನ್ನ ಮೇಜಿಗೆ ಬರುತ್ತಿದ್ದರು. ಈಗ ಆ ಮೇಜಿನಲ್ಲಿ ಬೇರೊಬ್ಬ ಹುಡುಗಿ ಕೂತಿದ್ದಾಳೆ. ಅವಳಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸಂಬಳ, ಬಡ್ತಿಗಳ ವಿಷಯ ಇದರಲ್ಲಿಲ್ಲ. ಅವನ್ನು ಕೆಲಸಕ್ಕೆ ಸೇರಿದ ಮೇಲೆ ಅವರೇ ತಿಳಿದುಕೊಳ್ಳುತ್ತಾರೆ.

ಮೊದಲ ಮಾತು. ಇದು ಕುರ್ಚಿಯಲ್ಲಿ ಕೂತು ಮಾಡುವ ಕೆಲಸವಾಗಿ ಕಂಡರೂ ಮನಸ್ಸು ಎಲ್ಲೂ ಕೂರುವುದಿಲ್ಲ. ಡೊಂಬಿವಲಿಯಿಂದ ಥಾಣೆಗೆ ರೈಲಿನಲ್ಲಿ ನಿಂತು ಬರುವಾಗ ಒಬ್ಬರ ಚಿಂತೆ, ಹಿಂದಿರುಗುವಾಗ ಇನ್ನೊಬ್ಬರದು. ಆ ಹುಡುಗನಿಗೆ ಬೇರೆ ಊರು ಹೇಳಬೇಕಿತ್ತೇನೋ, ಈ ಹುಡುಗಿಯನ್ನು ಇನ್ನೊಂದು ವರ್ಷ ತಡೆಯಬೇಕಿತ್ತೇನೋ ಎಂದು ದಿವಾ ಸ್ಟೇಷನ್ ಬರುವ ತನಕ ಯೋಚಿಸಿ, ದಿವಾದಲ್ಲಿ ನುಗ್ಗುವ ಜನರ ನಡುವೆ ಅದನ್ನು ಮರೆತು, ಮನೆಯ ಬೀಗ ತೆಗೆಯುವಾಗ ಮತ್ತೆ ನೆನಪಿಸಿಕೊಳ್ಳುವುದು ನನ್ನ ದಿನಚರಿಯಾಗಿತ್ತು.

ಊರಿನ ಆಯ್ಕೆ ಎಷ್ಟು ಮುಖ್ಯ ಎನ್ನುವುದು ನನಗೆ ತಿಳಿದದ್ದು ನನ್ನ ವಿದ್ಯಾರ್ಥಿ ದಿನಗಳಲ್ಲೇ. ನಮ್ಮ ಮೂಲ ಕಾಪು ಕಡೆ. ಅಪ್ಪನ ಹೋಟೆಲು ಡೊಂಬಿವಲಿಯಲ್ಲಿದ್ದುದರಿಂದ ನಾನು ಬೆಳೆದದ್ದು ಇಲ್ಲಿ. ಡಿಗ್ರಿ ಮುಗಿಸಿ ಕಳಂಬೋಲಿಯ ಉಕ್ಕಿನ ವ್ಯಾಪಾರಿಯೊಬ್ಬರ ಕಚೇರಿ ಸೇರಿದೆ. ಅವರ ಸರಕು ಚೀನಾದಿಂದ ಬರತೊಡಗಿದಾಗ ಭಾಷೆ ಬಲ್ಲವರು ಬೇಕಾಗಿ, ನನ್ನನ್ನು ಒಂದು ವರ್ಷ ತಿಯಾಂಜಿನ್ ನಗರಕ್ಕೆ ಕಲಿಯಲು ಕಳಿಸಿದರು. ಬಂದರು ಹತ್ತಿರ ಎನ್ನುವುದು ಬಿಟ್ಟರೆ ಆ ಊರನ್ನು ಆರಿಸಲು ಬೇರೆ ಕಾರಣ ಇರಲಿಲ್ಲ.

ಚೀನೀಯಲ್ಲಿ ದನಿಯ ಏರಿಳಿತವೇ ಅರ್ಥ. ಕೊಳ್ಳುವುದಕ್ಕೂ ‘ಮಾಯ್’, ಮಾರುವುದಕ್ಕೂ ‘ಮಾಯ್’. ದನಿಯನ್ನು ತಗ್ಗಿಸಿ ಎತ್ತಿದರೆ ಕೊಂಡಂತೆ, ಥಟ್ಟನೆ ಇಳಿಸಿದರೆ ಮಾರಿದಂತೆ. ಅಷ್ಟನ್ನು ಕಷ್ಟಪಟ್ಟು ಕಲಿತು ತರಕಾರಿ ಅಂಗಡಿಗೆ ಹೋದರೆ, ಪುಸ್ತಕದಲ್ಲಿ ಎತ್ತರದ ದನಿಯಲ್ಲಿ ಹೇಳಬೇಕಾದ ಶಬ್ದವನ್ನು ಆ ಊರಿನವರು ಕೆಳಗಿನ ದನಿಯಲ್ಲಿ ಹೇಳುತ್ತಿದ್ದರು. ತರಗತಿಯಲ್ಲೊಂದು, ಬೀದಿಯಲ್ಲೊಂದು. ಅದು ಆ ಊರಿನ ಸಹಜ ಮಾತು, ಅವರದೇನೂ ತಪ್ಪಲ್ಲ. ಆದರೆ ಹೊಸದಾಗಿ ಕಲಿಯುವವಳಿಗೆ ಕಾಲ ಕೆಳಗಿನ ನೆಲ ಅಲುಗಿದ ಹಾಗಾಗುತ್ತದೆ.

ಮದುವೆ, ಮಕ್ಕಳು ಎಂದು ಕೆಲವು ವರ್ಷ ಮನೆಯಲ್ಲಿದ್ದು ಥಾಣೆಯ ಕಚೇರಿ ಸೇರಿದಾಗ ನನ್ನ ಮೇಲಿದ್ದವರು ಕಾಮತರು. ಮುಲ್ಕಿಯವರು, ಕಚೇರಿಯ ಮಾಲೀಕರು. ಅವರು ಚೀನಾ ನೋಡಿರಲಿಲ್ಲ. ದೊಡ್ಡ ಭೂಪಟವೊಂದನ್ನು ಗೋಡೆಗೆ ಹಾಕಿಸಿ, ಯಾರು ಬಂದರೂ ಎದ್ದುನಿಂತು ಬೆರಳಿಟ್ಟು ತೋರಿಸುತ್ತಿದ್ದರು. ಅವರಿಗೆ ರ್‍ಯಾಂಕಿನ ಮೇಲೆ ಭಾರಿ ನಂಬಿಕೆ. ನಾನು ಸೇರಿದ ವರ್ಷ ನೆರುಲ್‌ನ ಹುಡುಗನೊಬ್ಬ ಶಾಂಘೈಯಿಂದ ಓದು ಮುಗಿಸಿ ಬಂದ. ತಂದೆ ತಾಯಿ ಮೈಸೂರಿನವರು, ಇಬ್ಬರೂ ಬ್ಯಾಂಕಿನ ಸಾಫ್ಟ್‌ವೇರ್ ವಿಭಾಗದಲ್ಲಿದ್ದವರು. ಅವರೂ ಕಾಮತರೂ ಸೇರಿ ಪಟ್ಟಿಗಳನ್ನೆಲ್ಲ ಜಾಲಾಡಿ, ಸುಪ್ರಸಿದ್ಧ ವಿಶ್ವವಿದ್ಯಾಲಯ ಹುಡುಕಿ ಅವನನ್ನು ಕಳಿಸಿದ್ದರು. ಮಾತಾಡಿಸಿ ನೋಡಿದರೆ ಅವನ ಇಂಗ್ಲಿಷು ಬಹಳ ಸುಧಾರಿಸಿತ್ತು. ವಿದೇಶೀಯರಿಗೆಂದೇ ಇದ್ದ ಹಾಸ್ಟೆಲು, ಸುತ್ತ ಜಗತ್ತಿನ ಹುಡುಗರೆಲ್ಲ ಇಂಗ್ಲಿಷಿನಲ್ಲೇ ಮಾತು. ಚೀನೀ ಮಾತಾಡುವ ಅಗತ್ಯವೇ ಅವನಿಗೆ ಬಿದ್ದಿರಲಿಲ್ಲ.

“ಟಾಪ್ ಯೂನಿವರ್ಸಿಟಿ ಮಾರಾಯ್ರೆ, ಇನ್ನೆಂಥ ಮಾಡ್ಲಿಕ್ಕುಂಟು ನಾವು?” ಎಂದು ಕಾಮತರು ಕೈಚೆಲ್ಲಿದರು.

ಅಂದಿನಿಂದ ನಾನು ರ್‍ಯಾಂಕ್ ನೋಡುವ ಮೊದಲು ಬೇರೆ ಪ್ರಶ್ನೆ ಕೇಳತೊಡಗಿದೆ. ಕಲಿತು ಏನು ಮಾಡುತ್ತೀ? ಯಾರ ಹತ್ತಿರ ಮಾತಾಡಬೇಕು ನಿನಗೆ? ತೈವಾನಿನ ಕಂಪನಿಗೆ ಹೋಗುವವನಿಗೆ ಹಳೆಯ ಲಿಪಿ ಬೇಕು, ಹಾಗಾದರೆ ತೈಪೆ. ಕಳಂಬೋಲಿಯ ಉಕ್ಕಿನವರ ಜೊತೆ ಕೆಲಸ ಮಾಡುವವನಿಗೆ ಚೀನಾದ ಸರಳ ಲಿಪಿ ಬೇಕು, ಅವನು ತೈಪೆಗೆ ಹೋದರೆ ಮತ್ತೆ ಕಲಿಯಬೇಕಾಗುತ್ತದೆ. ಅಡುಗೆ ಮಾಡಿಕೊಳ್ಳಲು ಜಾಗವಿಲ್ಲದೆ ಹಸಿದುಕೊಂಡು ಮರಳಿ ಬಂದವರಿದ್ದಾರೆ, ಚಳಿಗೆ ಹೆದರಿ ಬಂದವರಿದ್ದಾರೆ. ಇವೆಲ್ಲ ಕೇಳಿಕೊಂಡರೆ ಸಾಕು, ಊರು ತಾನಾಗಿ ಗೊತ್ತಾಗುತ್ತದೆ ಎಂದುಕೊಂಡಿದ್ದೆ. ರೇಖಾ ಬರುವ ತನಕ.

ಕೊರೊನಾ ಕಳೆದು ಚೀನಾದ ವಿದ್ಯಾರ್ಥಿ ವೀಸಾ ಮತ್ತೆ ಸಿಗತೊಡಗಿದ ಕಾಲ. ಆಗ ಸಲಹೆ ಕೊಡುವ ರೀತಿಯೇ ಬದಲಾಗಿತ್ತು. ಹುಡುಗರು ಮೊಬೈಲಿನಲ್ಲಿ ಹಾಸ್ಟೆಲು, ಕ್ಯಾಂಟೀನು ಎಲ್ಲ ನೋಡಿಕೊಂಡೇ ಬರುತ್ತಿದ್ದರು. ನಮ್ಮನ್ನು ಕೇಳುವುದಕ್ಕಿಂತ ಪರೀಕ್ಷಿಸುವುದೇ ಹೆಚ್ಚು. ರೇಖಾ ಹಾಗಿರಲಿಲ್ಲ. ಇಪ್ಪತ್ತರ ಆಸುಪಾಸಿನ ಹುಡುಗಿ. ಅಪ್ಪನ ಜೊತೆ ಭಿವಂಡಿಯಿಂದ ಬಂದಿದ್ದಳು. ಬನಹಟ್ಟಿಯಿಂದ ಅಜ್ಜನ ಕಾಲದಲ್ಲಿ ಬಂದು ನೆಲೆಸಿದ ನೇಕಾರರ ಮನೆ. ಅಪ್ಪ ಶಂಕ್ರಪ್ಪನವರೂ ಕಾಕಾ ಈರಣ್ಣನೂ ಸೇರಿ ವಿದ್ಯುತ್ ಮಗ್ಗದ ಶೆಡ್ ನಡೆಸುತ್ತಿದ್ದರು. ಮನೆ ಶೆಡ್ಡಿನ ಗೋಡೆಗೆ ಅಂಟಿಕೊಂಡೇ ಇತ್ತು.

“ನಮ್ಮ ಕಡೆ ಈಗ ಎಲ್ಲಾ ಚೀನಾ ಮಗ್ಗಾನ ಬರಾಕತ್ತಾವ್ರಿ,” ಎಂದರು ಶಂಕ್ರಪ್ಪ. “ಜೋಡಸಾಕ ಬರೋ ಮಂದಿ ಮಾತು ಒಬ್ಬರಿಗೂ ತಿಳಿಯಂಗಿಲ್ಲ. ಮಗಳು ಕಲೀತೇನಿ ಅಂತಾಳ. ಯಾವ ಊರು ಚೊಲೊ ಹೇಳ್ರಿ, ಕಳಸ್ತೇವಿ.”

ರೇಖಾ ಇಲ್ಲಿಯೇ ಎರಡು ವರ್ಷ ಚೀನೀ ತರಗತಿಗೆ ಹೋಗಿದ್ದಳು. ಅಕ್ಷರ ಬರೆಯಲು ಹೇಳಿದರೆ ಮುತ್ತು ಪೋಣಿಸಿದ ಹಾಗೆ ಬರೆದಳು. ನಾನು ಕೇಳಿದ ಪ್ರಶ್ನೆಗಳಿಗೆಲ್ಲ “ಹೂಂ ರೀ” ಎಂದಳು. ಚಳಿ ತಡೆಯುತ್ತೀಯಾ? ಹೂಂ ರೀ. ಒಬ್ಬಳೇ ಇರುತ್ತೀಯಾ? ಹೂಂ ರೀ. ಅಷ್ಟರಲ್ಲಿ ಚಹಾ ಬಂತು. ನಾನು ಲೋಟ ತೆಗೆದುಕೊಳ್ಳಲು ಆ ಕಡೆ ತಿರುಗಿ, “ನಿನಗೆ ಸಕ್ಕರೆ ಹಾಕಿದ್ದಾ, ಹಾಕದ್ದಾ?” ಎಂದೆ.

“ಹೂಂ ರೀ,” ಎಂದಳು.

ಶಂಕ್ರಪ್ಪ ಪೇಪರು ನೋಡುತ್ತಿದ್ದರು, ಗಮನಿಸಲಿಲ್ಲ. ನಾನು ಅವಳ ಎಡಕ್ಕೆ ಕುರ್ಚಿ ಎಳೆದುಕೊಂಡು ಮೆಲ್ಲಗೆ ಹೆಸರು ಕರೆದೆ. ತಿರುಗಲಿಲ್ಲ. ಬಲಕ್ಕೆ ಬಂದು ಕರೆದೆ. ಸ್ವಲ್ಪ ತಡೆದು ತಿರುಗಿದಳು. ಎದುರು ಕೂತು ಮಾತಾಡಿದರೆ ಒಂದೂ ತಪ್ಪುತ್ತಿರಲಿಲ್ಲ. ಅವಳು ನನ್ನ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಿದ್ದಳು. ಮಗ್ಗದ ಸದ್ದಿನಲ್ಲಿ ಬೆಳೆದವರಿಗೆ ಅದು ಸಹಜವಾಗಿ ಬರುತ್ತದೆ, ಶೆಡ್ಡಿನಲ್ಲಿ ಎಲ್ಲರೂ ಮಾತಾಡುವುದು ಹಾಗೆಯೇ.

ತುಟಿ ನೋಡಿ ಕನ್ನಡ ತಿಳಿಯಬಹುದು, ಹಿಂದಿ ತಿಳಿಯಬಹುದು. ಚೀನೀ? ಕೊಳ್ಳುವ ‘ಮಾಯ್’ಗೂ ಮಾರುವ ‘ಮಾಯ್’ಗೂ ತುಟಿ ಚಲಿಸುವುದು ಒಂದೇ ರೀತಿ. ದನಿ ಕಣ್ಣಿಗೆ ಕಾಣುವುದಿಲ್ಲ. ಅಂದು ಸಂಜೆ ನಾನು ಬಂದ ರೈಲು ಹತ್ತಲಿಲ್ಲ. ಪ್ಲಾಟ್‌ಫಾರಮ್ಮಿನ ಆ ತುದಿಯಿಂದ ಈ ತುದಿಗೆ ನಡೆದೆ. ಬೇಡ ಎಂದು ಹೇಳಿಬಿಡುವುದೇ ಸುಲಭದ ದಾರಿಯಾಗಿ ಕಂಡಿತು. ಆದರೆ ಅವಳು ಬರೆದ ಆ ಅಕ್ಷರಗಳು ಕಣ್ಣಮುಂದಿದ್ದವು.

ಮರುದಿನ ಕಾಮತರಿಗೆ ಹೇಳಿದೆ. ಅವರು ಬಾಗಿಲು ಮುಂದೆ ಮಾಡಿ, “ಕಿವಿ ವಿಷಯ ಯೂನಿವರ್ಸಿಟಿಗೆ ಯಾಕೆ ಹೇಳ್ಬೇಕು? ಕೇಳಿದ್ರೆ ಮತ್ತೆ ನೋಡುವ. ಬೀಜಿಂಗಿನಲ್ಲಿ ನಮಗೆ ಟೈ-ಅಪ್ ಉಂಟು, ಅಲ್ಲಿಗೆ ಹಾಕಿ. ಒಮ್ಮೆ ಹೋದ ಮೇಲೆ ಅವಳು ಸುಧಾರಿಸ್ತಾಳೆ,” ಎಂದರು.

“ಅಲ್ಲಿ ಒಂದೊಂದು ತರಗತಿಯಲ್ಲಿ ಎಷ್ಟು ಜನ ಗೊತ್ತುಂಟಾ? ಹಿಂದೆ ಕೂತ್ರೆ ಅವಳಿಗೆ ಏನೂ ಸಿಗುದಿಲ್ಲ.”

“ಮುಂದೆ ಕೂತ್ಕೊಳ್ಳಿಕ್ಕೆ ಹೇಳಿ.”

ಮಾತು ಅಲ್ಲಿಗೆ ನಿಂತಿತು. ನಾನು ರೇಖಾಳನ್ನು ಒಬ್ಬಳೇ ಬರಲು ಹೇಳಿದೆ. ತಲಾವ್ ಪಾಳಿಯ ಕೆರೆಯ ಕಟ್ಟೆಯ ಮೇಲೆ ಅವಳೆದುರಿಗೆ ಕೂತು, ನಿನ್ನ ಕಿವಿಯ ವಿಷಯ ನನಗೆ ಗೊತ್ತಾಗಿದೆ, ವಿಶ್ವವಿದ್ಯಾಲಯಗಳಿಗೆ ಅದನ್ನು ಬರೆಯಬೇಕು ಎಂದೆ. ಅವಳ ಮುಖ ಕಪ್ಪಿಟ್ಟಿತು.

“ಬ್ಯಾಡ್ರಿ ಮೇಡಂ. ಬರದ್ರ ಯಾರೂ ತೊಗೊಳಂಗಿಲ್ಲ. ನಾ ಹೆಂಗರೆ ಮ್ಯಾನೇಜ್ ಮಾಡ್ತೇನಿ.”

“ಹೇಗೆ? ಎಲ್ಲದಕ್ಕೂ ಹೂಂ ಎಂದುಕೊಂಡಾ?”

ಅವಳು ಎದ್ದುನಿಂತಳು. ಹೊರಟುಹೋಗುತ್ತಾಳೆ ಎಂದುಕೊಂಡೆ. ಕಟ್ಟೆಯ ಉದ್ದಕ್ಕೂ ನಡೆದು ಹೋಗಿ, ತಿರುಗಿ ಬಂದು ಕೂತಳು. ಆಮೇಲೆ ಹೇಳಿದಳು.

“ನಾ ಚೀನೀ ಕ್ಲಾಸಿಗಿ ಹೋಗೂಕಿಂತ ಮೊದ್ಲ ನಮ್ಮ ಶೆಡ್ಡಿನ್ಯಾಗ ಹೊಸಾ ಮಗ್ಗ ಜೋಡಸಾಕ ಚೀನಾದಾಂವ ಒಬ್ಬ ಬಂದಿದ್ದ್ರಿ. ಅಂವ ಮೊಬೈಲಿನ್ಯಾಗ ಮಾತಾಡ್ತಿದ್ದ, ಅದು ಹಿಂದಿ ಮಾಡಿ ಹೇಳ್ತಿತ್ತು. ಮೊಬೈಲ್ ನನ್ನ ಕೈಯಾಗಿತ್ತು. ಬಾಜೂ ಮಗ್ಗ ಓಡಾಕತ್ತಿದ್ವು. ಚಾಲೂ ಮಾಡ್ಲೇನು ಕೇಳು ಅಂದ ಕಾಕಾ. ಕೇಳಿದೆ. ಮೊಬೈಲ್ ಏನೋ ಹೇಳ್ತು. ನಂಗ ಕೇಳ್ಸಲಿಲ್ರಿ. ಮೊಬೈಲಿಗಿ ತುಟಿ ಇಲ್ಲಲ್ಲ. ಎಲ್ಲಾರೂ ನನ್ನ ಮಾರಿ ನೋಡಾಕತ್ತಿದ್ರು. ಕೇಳ್ಸಲಿಲ್ಲ ಅಂತ ಹೇಳಾಕ ನಾಚಿಕಿ ಆತು. ಹೂಂ ಅಂದೆ.”

ಚಾಲೂ ಮಾಡಿದೊಡನೆ ಮಗ್ಗಕ್ಕೆ ಸಿಕ್ಕಿ ಈರಣ್ಣನ ಬಲಗೈಯ ಎರಡು ಬೆರಳು ಹೋಗಿದ್ದವು. ಚೀನಾದವನು ಹೇಳಿದ್ದು, ಇನ್ನೂ ತಡಿ ಎಂದು. ಮನೆಯವರೆಲ್ಲ ಮೊಬೈಲಿನ ತಪ್ಪು ಎಂದೇ ನಂಬಿದ್ದರು. ತನಗೆ ಕೇಳಿಸಿರಲಿಲ್ಲ ಎನ್ನುವುದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಸಮಾಧಾನ ಹೇಳುವುದು ನನ್ನ ಕೆಲಸವಾಗಿರಲಿಲ್ಲ, ನನಗದು ಬರುವುದೂ ಇಲ್ಲ. “ನಿಧಾನ ಯೋಚನೆ ಮಾಡು. ಬರೆಯಬೇಕೋ ಬೇಡವೋ ನೀನೇ ಹೇಳು. ಬರೆಯದೆ ನಾನು ಅರ್ಜಿ ಕಳಿಸುವುದಿಲ್ಲ, ಬೇರೆ ಕಚೇರಿಗೆ ಹೋಗಬಹುದು,” ಎಂದೆ.

ಆಮೇಲಿನ ವಾರಗಳು ಕೆಟ್ಟವು. ಒಂದು ದಿನ ಫೋನ್ ಮಾಡಿ ಚೀನೀ ಬೇಡವೇ ಬೇಡ, ಬಿ.ಎಡ್. ಮಾಡುತ್ತೇನೆ ಎಂದಳು. ಇನ್ನೊಂದು ದಿನ ಸಿಂಗಾಪುರವಾದರೆ ಹೇಗೆ ಎಂದಳು. ಮತ್ತೊಂದು ದಿನ ಶಂಕ್ರಪ್ಪನವರೇ ಫೋನ್ ಮಾಡಿ, “ಮಗಳು ಸರಿಯಾಗಿ ಉಣ್ಣವಲ್ಲಳು, ನೀವೇನರೆ ಅಂದ್ರೇನ್ರಿ?” ಎಂದು ಕೇಳಿದರು. ನಾನು ಏನೂ ಇಲ್ಲ ಎಂದೆ. ಅರ್ಜಿಯ ಗಡುವು ಹತ್ತಿರ ಬರುತ್ತಿತ್ತು. ಕಾಮತರು ದಿನಕ್ಕೊಮ್ಮೆ ನನ್ನ ಮೇಜಿನ ಬಳಿ ಬಂದು, “ಭಿವಂಡಿ ಪಾರ್ಟಿ ಎಂಥಾಯ್ತು?” ಎನ್ನುತ್ತಿದ್ದರು.

ಕೊನೆಗೆ ಅವಳೇ ಬಂದಳು. ಹಿಂದೆ ಅಪ್ಪ. ಅವರ ಹಿಂದೆ ಬಲಗೈಯನ್ನು ಜೇಬಿನಲ್ಲಿಟ್ಟುಕೊಂಡ ಈರಣ್ಣ.

“ಮನ್ಯಾಗ ಹೇಳಿದೆ,” ಎಂದಳು. “ಈಗ ಬರೀರಿ.”

ಈರಣ್ಣ ಕೂರಲಿಲ್ಲ. ಗೋಡೆಯ ಭೂಪಟ ನೋಡುತ್ತ, “ಇಕಿ ಹೋಗಬೇಕ್ರಿ,” ಎಂದರು. “ಹೋಗಿಲ್ಲಂದ್ರ ನನ್ನ ಕೈ ನೋಡಿದಾಗೊಮ್ಮೆ ಅಳ್ತಾಳ. ನಂಗ ತ್ರಾಸಾಗ್ತೈತಿ.”

ಆರು ವಿಶ್ವವಿದ್ಯಾಲಯಗಳಿಗೆ ಬರೆದೆ. ಯಾರೂ ಕೇಳದ ಪ್ರಶ್ನೆಗಳನ್ನು ಕೇಳಿದೆ. ತರಗತಿಯಲ್ಲಿ ಎಷ್ಟು ಜನ? ಬೆಂಚುಗಳನ್ನು ಸಾಲಾಗಿ ಹಾಕಿದ್ದಾರೋ, ದುಂಡಗೆ ಹಾಕಿದ್ದಾರೋ? ಅಧ್ಯಾಪಕರು ಈಗಲೂ ಮಾಸ್ಕ್ ಹಾಕುತ್ತಾರೆಯೇ? ಬೀಜಿಂಗಿನವರು ಸೇರಿ ಮೂವರು ಉತ್ತರಿಸಲಿಲ್ಲ. ಇಬ್ಬರು ನಯವಾಗಿ ನಿರಾಕರಿಸಿದರು. ಚಾಂಗ್‌ಚುನ್ ನಗರದ ಒಂದು ಸಾಧಾರಣ ವಿಶ್ವವಿದ್ಯಾಲಯದಿಂದ ಸುನ್ ಎಂಬ ಅಧ್ಯಾಪಕಿ ರೇಖಾಳ ಜೊತೆ ವಿಡಿಯೋದಲ್ಲಿ ಮಾತಾಡಬೇಕೆಂದರು. ಮಾತು ಶುರುವಾಗುವ ಮೊದಲು ಆಕೆ ಮೇಜಿನ ದೀಪವನ್ನು ಸರಿಸಿ ತಮ್ಮ ಮುಖಕ್ಕೆ ಬೆಳಕು ಬೀಳುವಂತೆ ಮಾಡಿಕೊಂಡರು. ಆಮೇಲೆ ದನಿ ಏರುವಾಗ ಗದ್ದ ಎತ್ತಿ, ಇಳಿಯುವಾಗ ಗದ್ದ ಇಳಿಸಿ ತೋರಿಸಿ, ಗಂಟಲಿನ ಮೇಲೆ ಬೆರಳಿಟ್ಟು ನಡುಕವನ್ನು ಮುಟ್ಟಿ ನೋಡಲು ಹೇಳಿದರು. ರೇಖಾ ತನ್ನ ಗಂಟಲು ಮುಟ್ಟಿಕೊಂಡು ‘ಮಾಯ್’ ಎಂದಳು. ಮತ್ತೆ ‘ಮಾಯ್’ ಎಂದಳು. ಮೊದಲನೆಯದು ಕೊಂಡದ್ದು, ಎರಡನೆಯದು ಮಾರಿದ್ದು. ಸ್ಪಷ್ಟವಾಗಿತ್ತು.

ಆ ಊರಿರುವ ಈಶಾನ್ಯ ಚೀನಾದ ಬೀದಿ ಮಾತು ಪುಸ್ತಕದ ಮಾತಿಗೆ ಸಾಕಷ್ಟು ಹತ್ತಿರ. ತರಗತಿ ಸಣ್ಣದು. ಊರು ಇದೇ ಎಂದು ನಿಶ್ಚಯಿಸಿದೆ. ಆ ವಿಶ್ವವಿದ್ಯಾಲಯದ ಜೊತೆ ನಮಗೆ ಸಂಬಂಧವಿರಲಿಲ್ಲ, ಕಚೇರಿಗೆ ಏನೂ ಲಾಭವಿಲ್ಲ. ಕಾಮತರು ಎರಡು ದಿನ ಮುಖ ಊದಿಸಿಕೊಂಡಿದ್ದು, ವೀಸಾ ಕಚೇರಿಯ ಭೇಟಿಯ ದಿನ ತಾವೇ ಕಾರು ತಂದರು. ಕೌಂಟರಿನಲ್ಲಿ ಗಾಜಿನ ಹಿಂದಿನವರು ಮಾತಾಡಿದರೆ ಅವಳಿಗೆ ತಿಳಿಯದು ಎಂದು ಅವಳ ಪಕ್ಕ ನಿಂತು ಪ್ರತಿ ಮಾತನ್ನೂ ಅವಳತ್ತ ಮುಖ ಮಾಡಿ ಮತ್ತೆ ಹೇಳಿದರಂತೆ. ಅದನ್ನು ನನಗೆ ಹೇಳಿದವಳು ರೇಖಾ. ಅವರು ಎಂದೂ ಹೇಳಲಿಲ್ಲ.

ಅವಳು ಹೋದಳು. ಮೂರು ತಿಂಗಳು ಎಲ್ಲ ಚೆನ್ನಾಗಿತ್ತು. ನಾನು ನಿರಾಳವಾಗಿರಲು ಪ್ರಯತ್ನಿಸಿದೆ. ಡಿಸೆಂಬರಿನಲ್ಲಿ ವಿಡಿಯೋ ಕರೆ ಬಂತು. ಹಿಂದೆ ಕಿಟಕಿಯ ತುಂಬ ಹಿಮ.

“ಮೇಡಂ, ಇಲ್ಲಿ ಮಂದಿಗಿ ಮಾರಿನ ಇಲ್ರಿ.”

ಜನರಿಗೆ ಮುಖವೇ ಇಲ್ಲ ಎಂದರೆ ಏನು ಎಂದು ಮೊದಲು ಅರ್ಥವಾಗಲಿಲ್ಲ. ಚಳಿಗೆ ಊರಿನವರೆಲ್ಲ ಮೂಗು ಬಾಯಿ ಮುಚ್ಚುವ ಹಾಗೆ ಸ್ಕಾರ್ಫ್ ಸುತ್ತಿಕೊಂಡಿದ್ದರು. ಅಂಗಡಿಯವನು, ಬಸ್ಸಿನವನು, ಬೀದಿಯಲ್ಲಿ ದಾರಿ ಹೇಳುವವನು, ಯಾರ ತುಟಿಯೂ ಕಾಣುತ್ತಿರಲಿಲ್ಲ. ಸುನ್ ಅವರ ತರಗತಿ ಬಿಟ್ಟರೆ ಉಳಿದ ಇಡೀ ಊರು ಅವಳ ಪಾಲಿಗೆ ಮೂಕವಾಗಿತ್ತು. ಮಾಸ್ಕಿನ ವಿಷಯ ಕೇಳಿದ್ದ ನನಗೆ ಚಳಿಗಾಲ ಹೊಳೆದಿರಲಿಲ್ಲ. ಚಳಿ ತಡೆಯುತ್ತೀಯಾ ಎಂದು ಎಲ್ಲರನ್ನೂ ಕೇಳುತ್ತಿದ್ದವಳು ನಾನೇ.

“ವಾಪಸ್ ಬರ್ತೀಯಾ?” ಎಂದೆ.

“ಇಲ್ರಿ. ಈ ವರ್ಷ ಸುನ್ ಮೇಡಂ ಹತ್ರ ಮುಗಸ್ತೇನಿ. ಆಮ್ಯಾಲೆ ಶಾವ್‌ಶಿಂಗಿಗಿ ಹೊಕ್ಕೇನಿ. ನಾನ ಅಲ್ಲಿಗಿ ಅರ್ಜಿ ಬರದೇನಿ.”

ಶಾವ್‌ಶಿಂಗ್ ದಕ್ಷಿಣದ ಜವಳಿ ಊರು. ಅರ್ಜಿ ಹಾಕುವಾಗ ಅವಳು ಕೇಳಿದ್ದಕ್ಕೆ ನಾನೇ ಅದು ಬೇಡವೆಂದು ಹೇಳಿದ್ದೆ. ಅಲ್ಲಿನವರ ಮಾತು ಬೇರೆಯೇ, ಕಿವಿ ಚೆನ್ನಾಗಿರುವವರಿಗೇ ತೊಡಕಾಗುತ್ತದೆ. ಅದನ್ನೇ ಮತ್ತೆ ಹೇಳಿದೆ. ಸುನ್ ಮೇಡಂ ಏನೆಂದರು ಎಂದು ಕೇಳಿದೆ, ಖರ್ಚು ಕೇಳಿದೆ, ಚಳಿಗಾಲ ಮುಗಿಯುವವರೆಗೆ ತಾಳಿಕೋ ಎಂದೆ. ಅವಳು ಎಲ್ಲ ಕೇಳಿಸಿಕೊಂಡಳು. ಒಮ್ಮೆಯೂ ಹೂಂ ಎನ್ನಲಿಲ್ಲ.

“ಅಲ್ಲಿ ಶೆಡ್ ಅದಾವ್ರಿ,” ಎಂದಳು. “ಶೆಡ್ಡಿನ್ಯಾಗ ಯಾರಿಗೂ ಕೇಳ್ಸಂಗಿಲ್ಲ. ಎಲ್ಲಾರೂ ಮಾರಿ ನೋಡೇ ಮಾತಾಡ್ತಾರ. ನಂಗ ಅದ ಬರೋಬ್ಬರ ಆಗ್ತೈತಿ.”

ಈ ಕೆಲಸಕ್ಕೆ ಬರುವವರು ಇದೊಂದನ್ನು ತಿಳಿದಿರಲಿ. ನಾವು ಎಷ್ಟು ವಿಚಾರಿಸಿ ಊರು ಆರಿಸಿದರೂ ಅಲ್ಲಿ ಬದುಕುವವರು ಅವರು. ಆಮೇಲೆ ಅವರಿಗೇ ಹೆಚ್ಚು ಗೊತ್ತಾಗುತ್ತದೆ. ಅದನ್ನು ಒಪ್ಪಿಕೊಳ್ಳಲು ನನಗೆ ಹಲವು ದಿನ ಹಿಡಿಯಿತು. ಫೋನ್ ತೆಗೆದು ಅವಳಿಗೆ ಬುದ್ಧಿ ಹೇಳಲು ಹೋಗುವುದು, ಮತ್ತೆ ಇಡುವುದು. ಅವಳು ಶಾವ್‌ಶಿಂಗಿಗೆ ಹೋದ ವರ್ಷವೇ ನಾನು ನಿವೃತ್ತಳಾದೆ.

ಕಳೆದ ವರ್ಷ ಶಂಕ್ರಪ್ಪನವರ ಫೋನ್ ಬಂತು. ಅವರ ಶೆಡ್ಡಿಗೆ ಇನ್ನೊಂದು ಹೊಸ ಮಗ್ಗ ಬಂದಿತ್ತು. ಜೋಡಿಸುವವನಿಗೆ ಬಹಳ ಅಲೆದಾಟದ ನಂತರ ವೀಸಾ ಸಿಕ್ಕಿತ್ತು. ಅವನ ಜೊತೆ ರೇಖಾ ಬಂದಿದ್ದಳು, ದುಭಾಷಿಯಾಗಿ. “ನೀವು ಬರಬೇಕ್ರಿ,” ಎಂದರು. ರೈಲಿನಲ್ಲಿ ಕಲ್ಯಾಣ್ ಸ್ಟೇಷನ್ನಿಗೆ ಹೋಗಿ, ಅಲ್ಲಿಂದ ಶೇರ್ ರಿಕ್ಷಾ ಹಿಡಿದು ಹೋದೆ. ಲಾರಿಗಳ ಸಾಲಿನಲ್ಲಿ ರಿಕ್ಷಾ ನಿಂತಾಗಲೆಲ್ಲ ಇಳಿದು ನಡೆದೇ ಹೋಗಿಬಿಡೋಣ ಎನಿಸುತ್ತಿತ್ತು.

ಮಗ್ಗ ಜೋಡಿಸಿ ಆಗಿತ್ತು. ಪಕ್ಕದ ಮಗ್ಗಗಳು ಓಡುತ್ತಿದ್ದವು. ಅಕ್ಕಪಕ್ಕದ ಶೆಡ್ಡಿನವರೂ ನೋಡಲು ಬಂದು ನಿಂತಿದ್ದರು. ಚೀನಾದವನು ಲೂ ಎಂಬ ಮಧ್ಯವಯಸ್ಸಿನವನು. ರೇಖಾ ಅವನ ತೋಳು ಹಿಡಿದು ಬೆಳಕಿನ ಕಡೆಗೆ ತಿರುಗಿಸಿ ನಿಲ್ಲಿಸಿದಳು. ಅವನು ಏನೋ ಹೇಳಿದ. ಅವಳು ತಲೆಯಾಡಿಸಲಿಲ್ಲ.

“ಛಿಂಗ್ ಝಾಯ್ ಶುವೋ ಯಿ ಬಿಯೆನ್,” ಎಂದಳು. ದಯವಿಟ್ಟು ಇನ್ನೊಮ್ಮೆ ಹೇಳಿ.

ಅವನು ಹೇಳಿದ. ಅವಳು ಮತ್ತೆ ಅದನ್ನೇ ಕೇಳಿದಳು. ನೆರೆಯವರಲ್ಲಿ ಒಬ್ಬ, “ಅರೆ, ಸಮಝ್ ಗಯೀ ನಾ, ಚಾಲೂ ಕರೋ,” ಎಂದು ಅವಸರ ಮಾಡಿದ. ಶಂಕ್ರಪ್ಪನವರೂ ಕಾಲು ಬದಲಿಸಿದರು. ನನಗೇ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಅವಳು ಎಲ್ಲರ ಕಡೆ ತಿರುಗಿ, ಶೆಡ್ಡಿನ ಸದ್ದಿನ ಮೇಲೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

“ತಡೀರಿ. ನಂಗ ಇನ್ನ ಸರಿಯಾಗಿ ಕೇಳ್ಸಿಲ್ಲ.”

ಮೂರನೆಯ ಸಲ ಲೂ ಕೈಸನ್ನೆ ಮಾಡಿ ನಿಧಾನವಾಗಿ ಹೇಳಿದ. ಅವಳು ಅದನ್ನು ತನ್ನ ಚೀನೀಯಲ್ಲಿ ಅವನಿಗೇ ತಿರುಗಿ ಹೇಳಿದಳು. ದನಿ ಒಂದೆರಡು ಕಡೆ ತಪ್ಪಿತು, ಅವನು ತಿದ್ದಿದ, ಅವಳು ಮತ್ತೆ ಹೇಳಿದಳು. ಅವನು ಹೌದೆಂದು ತಲೆಯಾಡಿಸಿದ. ಆಮೇಲೆ ಅವಳು ಮಗ್ಗದ ಸುತ್ತ ಒಂದು ಸುತ್ತು ನಡೆದು, ಯಾರ ಕೈ ಎಲ್ಲಿದೆ ಎಂದು ಒಬ್ಬೊಬ್ಬರನ್ನೇ ನೋಡಿದಳು. ಕೊನೆಗೆ ಗುಂಡಿಯ ಬಳಿ ನಿಂತಿದ್ದ ಈರಣ್ಣನ ಮುಂದೆ ಬಂದಳು.

“ಕಾಕಾ, ಈಗ ಚಾಲೂ ಮಾಡು.”

ಈರಣ್ಣ ಅವಳ ಮುಖ ನೋಡಿದರು. ಉಳಿದ ಬೆರಳುಗಳಿಂದ ಗುಂಡಿ ಒತ್ತಿದರು. ಮಗ್ಗ ಓಡತೊಡಗಿತು. ಆಮೇಲೆ ಯಾರು ಏನು ಹೇಳಿದರೋ, ಅಲ್ಲಿ ಯಾರಿಗೂ ಕೇಳಿಸಲಿಲ್ಲ.